ಗಾಳಿಯ ಕೈಯಲ್ಲಿದ್ದ ಬಿಸ್ಕತ್ತು

ನಮ್ಮ ಪೊಲೀಸ್ ಠಾಣೆಯ ಫೋಟೋ ವ್ಯಾನಿಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಮುಂದಿನದರಲ್ಲಿ ಸಾಹೇಬರು ಹತ್ತುತ್ತಿದ್ದರು. ಹಿಂದಿನದರಲ್ಲಿ ಕ್ಯಾಮೆರಾ ಸ್ಟ್ಯಾಂಡು, ನೀರಿನ ಕ್ಯಾನು, ಬಕೆಟ್ಟು ಮತ್ತು ಕತ್ತಲಕ್ಕ. ವ್ಯಾನಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ಟೈಪ್ ಮಾಡುತ್ತಿದ್ದವಳು ನಾನು. ಪಟ್ಟಿಯಲ್ಲಿ ಬಕೆಟ್ಟು ಇತ್ತು. ಅಕ್ಕ ಇರಲಿಲ್ಲ.

ಆ ಕಾಲದಲ್ಲಿ ಫೋಟೋ ತೆಗೆದ ಕೂಡಲೇ ನೋಡುವಂತಿರಲಿಲ್ಲ. ಕ್ಯಾಮೆರಾದಿಂದ ಫಿಲ್ಮ್ ಬಿಚ್ಚಿ, ಕಗ್ಗತ್ತಲಲ್ಲಿ ಒಂದು ಮದ್ದಿನ ನೀರಿನಲ್ಲಿ ಅದ್ದಿ, ಆಮೇಲೆ ಇನ್ನೊಂದರಲ್ಲಿ ಅದ್ದಿ, ತೊಳೆದು, ಒಣಗಿಸಬೇಕು. ಅದಾದ ಮೇಲೆ ಕೆಂಪು ಬಲ್ಬಿನ ಕೆಳಗೆ ಕಾಗದದ ಮೇಲೆ ಚಿತ್ರ ಬರಿಸಬೇಕು. ನಡುವೆ ಒಂದು ಗೆರೆ ಬೆಳಕು ನುಗ್ಗಿದರೂ ಎಲ್ಲ ಹಾಳು. ಇಷ್ಟನ್ನೂ ಅಪರಾಧ ನಡೆದ ಜಾಗದಲ್ಲೇ ಮುಗಿಸಲೆಂದು ಮೇಲಿನವರು ಹಳೆಯ ವ್ಯಾನೊಂದರ ಹಿಂಭಾಗಕ್ಕೆ ತಗಡು ಹೊಡೆಸಿ, ಕಿಟಕಿಗಳಿಗೆ ಕಪ್ಪು ಬಳಿಸಿ, ಓಡಾಡುವ ಕತ್ತಲೆ ಕೋಣೆ ಮಾಡಿ ಕಳಿಸಿದ್ದರು. ಅದರ ಮೈಮೇಲೆ ‘ಸ್ಥಳದಲ್ಲೇ ಫೋಟೋ, ಸ್ಥಳದಲ್ಲೇ ಪತ್ತೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅದನ್ನು ಅರ್ಧ ಓದಿದ ಜನ ಎಲ್ಲಿ ವ್ಯಾನ್ ನಿಂತರೂ ತಲೆ ಬಾಚಿಕೊಂಡು ಬಂದು ಸಾಲು ನಿಲ್ಲುತ್ತಿದ್ದರು.

ಅದರೊಳಗೆ ನಿಂತು ಕೆಲಸ ಮಾಡಬೇಕಾದವರು ನಮ್ಮ ಫೋಟೋ ಸಾಹೇಬರು. ಆದರೆ ಆ ಮದ್ದಿನ ವಾಸನೆ ಅವರಿಗೆ ಆಗಿಬರುತ್ತಿರಲಿಲ್ಲ. ಬಾಗಿಲು ಹಾಕಿದ ತಕ್ಷಣ ಸೀನು ಶುರುವಾಗುತ್ತಿತ್ತು. ಒಂದೆರಡಲ್ಲ, ಏಳು. ಮೊದಲ ಆರು ಬೆಕ್ಕಿನ ಸೀನಿನಷ್ಟೇ ಚಿಕ್ಕವು. ಏಳನೆಯದಕ್ಕೆ ವ್ಯಾನೇ ಅಲ್ಲಾಡುತ್ತಿತ್ತು. ಮೊದಲ ವಾರವೇ ಒಂದು ಬ್ಯಾಂಕ್ ದರೋಡೆಯ ಚಿತ್ರಗಳೆಲ್ಲ ಏಳನೆಯ ಸೀನಿಗೆ ಹಾರಿ ನೆಲ ಒರೆಸುವ ಬಕೆಟ್ಟಿಗೆ ಬಿದ್ದವಂತೆ. ವ್ಯಾನ್ ಗುಡಿಸಲು ಬಂದಿದ್ದ ಹೆಂಗಸು ಅವನ್ನು ಒಂದೊಂದಾಗಿ ಎತ್ತಿ, ತೊಳೆದು, ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಿಕ್ಕಿಸಿದಳು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಮರುದಿನ ಫೋಟೋ ಸಾಹೇಬರು ನೀನೇ ಮಾಡು ಎಂದರು. ಹನ್ನೆರಡು ವರ್ಷ ಅವಳೇ ಮಾಡಿದಳು. ಬಾಯಲ್ಲಿ ಅವಳು ಎಲ್ಲರಿಗೂ ಕತ್ತಲಕ್ಕ. ದಾಖಲೆಯಲ್ಲಿ ಗುಡಿಸುವವಳು, ಅದೂ ದಿನಗೂಲಿ.

ನಾನು ಪದವಿ ಮುಗಿಸಿ ಟೈಪಿಸ್ಟಾಗಿ ಸೇರಿದಾಗ ಅವಳ ಉಗುರುಗಳನ್ನು ನೋಡಿ ಗಾಯವಾಗಿದೆ ಅಂದುಕೊಂಡೆ. ಗಾಯವಲ್ಲ. ಮದ್ದು ಹಿಡಿದು ಹತ್ತೂ ಉಗುರು ಕಂದು ಬಣ್ಣಕ್ಕೆ ತಿರುಗಿದ್ದವು. ಬೆರಳ ಸಂದಿಯ ಚರ್ಮ ಸುಲಿದಿತ್ತು. ಬೇಸಗೆಯಲ್ಲಿ ಆ ತಗಡಿನ ಡಬ್ಬದೊಳಗೆ ಬಾಗಿಲು ಹಾಕಿಕೊಂಡು ಎರಡು ಗಂಟೆ ನಿಂತು ಹೊರಬಂದರೆ ನೆಂದ ಬಟ್ಟೆಯನ್ನು ಹಿಂಡಬಹುದಿತ್ತು. ಬಸ್ಸಿನಲ್ಲಿ ಅವಳ ಪಕ್ಕ ಕೂತವರು ಮೂಗು ಹಿಡಿದು ಎದ್ದು ಹೋಗುತ್ತಿದ್ದರು. ಅವಳಿಗೆ ಅದು ಒಳ್ಳೆಯದೇ ಆಗಿತ್ತು, ಕಾಲು ಚಾಚಿಕೊಳ್ಳಲು ಜಾಗ ಸಿಗುತ್ತಿತ್ತು. ಠಾಣೆಯಲ್ಲಿ ನಮ್ಮ ಟೀ ಕಪ್ಪುಗಳು ಕಪಾಟಿನಲ್ಲಿರುತ್ತಿದ್ದವು. ಅವಳ ಕಪ್ಪು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ, ಬಿಸಿಲಿಗೆ, ಧೂಳಿಗೆ.

ಮನುಷ್ಯತ್ವ ಅಲ್ಲಿ ಇರಲಿಲ್ಲವೆಂದಲ್ಲ. ಮದ್ದು ತಣ್ಣಗಿರಲು ಐಸ್ ತರುತ್ತಿದ್ದ ಡ್ರೈವರ್ ಒಂದು ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಅವಳಿಗೆ ಕೊಡುತ್ತಿದ್ದ, ಕತ್ತಿನ ಹಿಂದೆ ಇಟ್ಟುಕೊಳ್ಳಲಿ ಎಂದು. ಒಳಗೆ ಮದ್ದಿನ ತಟ್ಟೆಗಳು ತುಂಬಿದ್ದಾಗ ಹೊಂಡ ತಪ್ಪಿಸಲು ಅರ್ಧ ಊರು ಸುತ್ತಿ ಬರುತ್ತಿದ್ದ. ಫೋಟೋ ಸಾಹೇಬರು ತಿಂಗಳಿಗೊಮ್ಮೆ ಮನೆಯಿಂದ ಹೆಂಡತಿಯ ರಬ್ಬರ್ ಕೈಗವಸು ತಂದು ಮಾತಾಡದೆ ವ್ಯಾನಿನ ಮೂಲೆಯಲ್ಲಿಟ್ಟು ಹೋಗುತ್ತಿದ್ದರು. ಆದರೆ ವ್ಯಾನಿನ ಒಳಗೆ ಅವಳನ್ನು ಅಕ್ಕಾ ಎನ್ನುತ್ತಿದ್ದ ಬಾಯಿ, ಹೊರಗಿಳಿದು ನಾಲ್ಕು ಜನರ ಎದುರು ನಿಂತರೆ ಏಯ್ ಎನ್ನುತ್ತಿತ್ತು.

ಕತ್ತಲೆ ಕೋಣೆಗೆ ಸಹಾಯಕಿಯ ಹುದ್ದೆಯೊಂದು ಇತ್ತು, ಖಾಲಿ ಬಿದ್ದಿತ್ತು. ಅಕ್ಕ ಅದಕ್ಕೆ ಅರ್ಜಿ ಹಾಕುತ್ತಲೇ ಇದ್ದಳು. ಅರ್ಜಿ ಪ್ರತಿ ವರ್ಷ ವಾಪಸು ಬರುತ್ತಿತ್ತು. ಕಾರಣವನ್ನು ನಾನೇ ಫೈಲಿನಲ್ಲಿ ಓದಿದೆ: ಅರ್ಜಿದಾರಳು ತನ್ನ ಭಾವಚಿತ್ರ ಲಗತ್ತಿಸಿಲ್ಲ. ಊರಿನ ಸಕಲ ಕಳ್ಳರ ಮುಖ ತೊಳೆದು ಒಣಗಿಸಿದವಳದ್ದು ಒಂದೂ ಫೋಟೋ ಇರಲಿಲ್ಲ. ಸ್ಟುಡಿಯೋದ ಫೋಟೋ ನಡೆಯುತ್ತಿರಲಿಲ್ಲ, ಠಾಣೆಯ ಕ್ಯಾಮೆರಾದ್ದೇ ಆಗಬೇಕಿತ್ತು. ಸರ್ಕಾರಿ ಫಿಲ್ಮಿನಲ್ಲಿ ಗುಡಿಸುವವಳ ಮುಖ ತೆಗೆಯಲು ದೊಡ್ಡ ಸಾಹೇಬರ ಅಪ್ಪಣೆ ಬೇಕಿತ್ತು. ಅವರು ಕೊಡಲಿಲ್ಲ.

ದೊಡ್ಡ ಸಾಹೇಬರೆಂದರೆ ಠಾಣೆಯ ಮುಖ್ಯಸ್ಥರು. ಕೆಟ್ಟವರೆಂದು ಹೇಳುವಷ್ಟು ಚುರುಕಿನವರಲ್ಲ. ಮೊದಲ ಸಲ ವ್ಯಾನಿನೊಳಗೆ ಇಣುಕಿದಾಗ, ಇಷ್ಟು ಕತ್ತಲೆ ಇದ್ದರೆ ಕೆಲಸ ಹೇಗೆ ಆಗುತ್ತದೆ, ಒಂದು ಟ್ಯೂಬ್‌ಲೈಟ್ ಹಾಕಿಸಿ ಎಂದು ಬರೆದು ಹೋಗಿದ್ದರು. ಟ್ಯೂಬ್‌ಲೈಟ್ ಬಂದೂ ಬಂತು. ಅದನ್ನು ಡ್ರೈವರ್ ತನ್ನ ಮನೆಯ ಬಚ್ಚಲಿಗೆ ಹಾಕಿಕೊಂಡ.

ಆ ವ್ಯಾನಿಗೆ ಅಕ್ಕ ಎರಡು ಕಟ್ಟಳೆ ಮಾಡಿದ್ದಳು. ಒಂದು, ಬಾಗಿಲನ್ನು ಮೂರು ಸಲ ತಟ್ಟಬೇಕು. ಒಳಗಿಂದ ಅವಳು ಮೂರು ಸಲ ತಟ್ಟಿದರೆ ಮಾತ್ರ ತೆಗೆಯಬೇಕು. ಎರಡನೆಯದು ಗುಂಡಿಯದು. ಕೆಟ್ಟ ರಸ್ತೆಯಲ್ಲಿ ಓಡಿ ಓಡಿ ಬಾಗಿಲಿನ ಸಂದಿ ಬಿಡುತ್ತಿತ್ತು, ಬೆಳಕು ಸೋರುತ್ತಿತ್ತು. ಅದಕ್ಕೆ ಅವಳು ಕೆಲಸ ಶುರು ಮಾಡುವ ಮುನ್ನ ಬಾಗಿಲ ಪಕ್ಕದ ಚಿಕ್ಕ ಹಲಗೆಯ ಮೇಲೆ ಅವಧಿ ಮುಗಿದ ಫೋಟೋ ಕಾಗದವೊಂದನ್ನು ಹರಡಿ, ಅದರ ಮೇಲೆ ಪೊಲೀಸ್ ಅಂಗಿಯಿಂದ ಉದುರಿದ ಒಂದು ಹಿತ್ತಾಳೆ ಗುಂಡಿ ಇಡುತ್ತಿದ್ದಳು. ಕೆಲಸವೆಲ್ಲ ಮುಗಿದ ಮೇಲೆ ಆ ಕಾಗದವನ್ನು ಮದ್ದಿನ ನೀರಿಗೆ ಹಾಕುತ್ತಿದ್ದಳು. ಕಾಗದ ಪೂರ್ತಿ ಬೆಳ್ಳಗೆ ಉಳಿದರೆ ಕತ್ತಲೆ ಗಟ್ಟಿಯಿದೆ. ಕಾಗದ ಕಪ್ಪಾಗಿ ಗುಂಡಿ ಇದ್ದಷ್ಟು ಜಾಗ ಮಾತ್ರ ಬೆಳ್ಳಗೆ ಉಳಿದರೆ ಎಲ್ಲೋ ಬೆಳಕು ನುಗ್ಗುತ್ತಿದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಗುಂಡಿ ಪೂಜೆ ಎಂದು ಠಾಣೆಯವರು ನಗುತ್ತಿದ್ದರು.

ಆ ದಿನ ಪೇಟೆ ಬೀದಿಯ ಶೂ ಅಂಗಡಿಯಲ್ಲಿ ಕಳ್ಳತನವಾಗಿತ್ತು. ಗಾಜಿನ ಕಪಾಟಿನಲ್ಲಿ ಅಂಗಡಿಯವರು ಜೋಡಿಯಲ್ಲಿ ಒಂದನ್ನಷ್ಟೇ ಇಡುತ್ತಾರೆ, ಇನ್ನೊಂದು ಒಳಗೆ ಡಬ್ಬಿಯಲ್ಲಿರುತ್ತದೆ. ಕಳ್ಳ ಆತುರದಲ್ಲಿ ಕಪಾಟಿಗೆ ಕೈ ಹಾಕಿ ನಲವತ್ತೊಂದು ಶೂ ಚೀಲಕ್ಕೆ ತುಂಬಿಕೊಂಡು ಹೋಗಿದ್ದ. ನಲವತ್ತೊಂದೂ ಎಡಗಾಲಿನವು. ಹೋಗುವಾಗ ಪೌಡರ್ ಡಬ್ಬಿಯೊಂದನ್ನು ಉರುಳಿಸಿ, ಚೆಲ್ಲಿದ ಪೌಡರಿನಲ್ಲಿ ಒಂದೇ ಒಂದು ಬರಿಗಾಲಿನ ಹೆಜ್ಜೆ ಬಿಟ್ಟಿದ್ದ. ಫೋಟೋ ಸಾಹೇಬರು ಏಣಿ ಹತ್ತಿ, ಮಂಡಿಯೂರಿ, ಮಲಗಿ, ಹನ್ನೆರಡು ಫೋಟೋ ತೆಗೆದು ಫಿಲ್ಮನ್ನು ಅಕ್ಕನ ಕೈಗೆ ಕೊಟ್ಟರು. ಫೋಟೋ ಆಯಿತಲ್ಲ ಎಂದು ಪೇದೆಗಳೆಲ್ಲ ಆ ಹೆಜ್ಜೆಯ ಮೇಲೆಯೇ ಓಡಾಡತೊಡಗಿದರು. ನಾನು ಅಂಗಡಿಯ ಒಳಗೆ ಬೀದಿಗೆ ಬೆನ್ನು ಹಾಕಿ ಕುಳಿತು ಪಟ್ಟಿ ಟೈಪ್ ಮಾಡುತ್ತಿದ್ದೆ. ಕಂದು ಶೂ, ಎಡ, ಒಂದು. ಕಪ್ಪು ಶೂ, ಎಡ, ಒಂದು. ಅಂಗಡಿಯವರು ಎಲ್ಲರಿಗೂ ಟೀ ಕೊಟ್ಟರು, ಜೊತೆಗೆ ಅಂಚಿಗೆ ಹಲ್ಲು ಹಲ್ಲು ಇರುವ ದುಂಡು ಬಿಸ್ಕತ್ತು. ದೊಡ್ಡ ಸಾಹೇಬರು ಒಂದು ಬಿಸ್ಕತ್ತು ಕಚ್ಚಿ, ಉಳಿದದ್ದನ್ನು ಕೈಯಲ್ಲಿ ಹಿಡಿದೇ ಎದ್ದು ಹೊರಗೆ ಹೋದರು. ಡ್ರೈವರ್ ಐಸ್ ತರಲು ಹೋಗಿದ್ದ.

ಆಮೇಲೆ ನಡೆದದ್ದನ್ನು ಅಕ್ಕ ನನಗೆ ಹೇಳಿದಳು. ಅವಳು ಕತ್ತಲಲ್ಲಿ ಫಿಲ್ಮನ್ನು ಬಿಚ್ಚಿ ಮದ್ದಿಗೆ ಇಳಿಸುತ್ತಿದ್ದಳು. ತಟ್ಟಿದ ಸದ್ದಿಲ್ಲ. ಬಾಗಿಲು ಧಡಾರನೆ ತೆರೆಯಿತು. ಮಧ್ಯಾಹ್ನದ ಬಿಸಿಲು ಒಳಗೆ ಸುರಿಯಿತು. ದೊಡ್ಡ ಸಾಹೇಬರು ಒಂದು ಕೈಯನ್ನು ಹಲಗೆಗೆ ಊರಿ ಹೊಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತ ಕಳ್ಳನ ಕಾಲು ಎಷ್ಟು ದೊಡ್ಡದು ಎಂದು ಕೇಳಿದರು. ಅಕ್ಕ ಫಿಲ್ಮಿನ ಮೇಲೆ ಕವುಚಿಕೊಂಡು ಬಾಗಿಲು ಮುಚ್ಚಿ ಎಂದಳು. ಅಲ್ಲೇ ಕೆಟ್ಟಿತು. ಗುಡಿಸುವವಳು ತಮಗೆ ಬಾಗಿಲು ಮುಚ್ಚಲು ಹೇಳುವುದೇ ಎಂದು ಅವರು ಊರಿದ ಕೈ ತೆಗೆಯದೆ, ಇನ್ನೊಂದರಲ್ಲಿ ಬಾಗಿಲನ್ನು ಇನ್ನೂ ಅಗಲವಾಗಿ ಹಿಡಿದುಕೊಂಡು ಬೈದರು. ಯಾರ ಎದುರು ಹೇಗೆ ಮಾತಾಡಬೇಕು ಎಂಬುದನ್ನು ಐದು ನಿಮಿಷ ಕಲಿಸಿದರು. ಅಷ್ಟೂ ಹೊತ್ತು ಅವಳು ಬಾಗಿಯೇ ಇದ್ದಳು, ಬೆನ್ನ ಮೇಲೆ ಬಿಸಿಲು. ಫಿಲ್ಮ್ ಮೊದಲ ಕ್ಷಣದಲ್ಲೇ ಸತ್ತಿತ್ತು.

ಬೀದಿಯಾಚೆ ಟೀ ಕುಡಿಯುತ್ತಿದ್ದ ಫೋಟೋ ಸಾಹೇಬರು ಇದನ್ನು ನೋಡಿದರು. ನೋಡಿ ಕಪ್ಪಿನೊಳಗೆ ಮುಖ ಹಾಕಿದರು.

ದೊಡ್ಡ ಸಾಹೇಬರು ಕೈ ಎತ್ತಿ ಇಳಿದ ಕ್ಷಣವೇ ಅಕ್ಕ ಬಾಗಿಲು ಎಳೆದುಕೊಂಡಳು. ಆ ದಿನ ಮಾತ್ರ ಅವಳು ಕಾಗದವನ್ನು ಮದ್ದಿಗೆ ಹಾಕಲಿಲ್ಲ. ಹಲಗೆಯ ಮೇಲಿಂದ ಅದನ್ನು ತೆಗೆದು, ಬೆಳಕು ತಾಗದಂತೆ ಕಪ್ಪು ಲಕೋಟೆಗೆ ಹಾಕಿ ಪೊರಕೆಯ ಬುಟ್ಟಿಯ ಅಡಿಗೆ ತಳ್ಳಿದಳು.

ಮೂರನೇ ದಿನ ದೊಡ್ಡ ಸಾಹೇಬರು ನನ್ನಿಂದ ಆಪಾದನೆಯ ಪತ್ರ ಟೈಪ್ ಮಾಡಿಸಿದರು. ‘ಸದರಿ ಗುಡಿಸುವವಳು ತನ್ನ ವಶದಲ್ಲಿದ್ದ ಸರ್ಕಾರಿ ಕತ್ತಲೆಯನ್ನು ಸರಿಯಾಗಿ ಕಾಪಾಡದೆ, ಅದರೊಳಗೆ ಬೆಳಕು ಪ್ರವೇಶಿಸಲು ಅವಕಾಶ ಮಾಡಿಕೊಟ್ಟಿರುತ್ತಾಳೆ.’ ತಾವು ಆ ದಿನ ವ್ಯಾನಿನ ಹತ್ತಿರ ಸುಳಿದೇ ಇಲ್ಲ ಎಂದೂ ಬರೆಸಿದರು. ಜೊತೆಗೆ ಅಕ್ಕನ ಹೆಸರಿನಲ್ಲಿ ಒಂದು ಕ್ಷಮಾಪಣೆ ಪತ್ರ. ಬಾಗಿಲನ್ನು ನಾನೇ ತೆರೆದೆ, ಕತ್ತಲೆ ಕೋಣೆಯ ಹುದ್ದೆಯನ್ನು ಇನ್ನು ಕೇಳುವುದಿಲ್ಲ, ಮನ್ನಿಸಬೇಕು. ಇದಕ್ಕೆ ಸೈನ್ ಹಾಕಿದರೆ ಪೊರಕೆ ಉಳಿಯುತ್ತದೆ. ಹಾಕದಿದ್ದರೆ ವಿಚಾರಣೆ, ಆಮೇಲೆ ಮನೆ. ಅದನ್ನು ಅವಳ ಮನೆಗೆ ಒಯ್ಯುವ ಕೆಲಸವೂ ನನಗೇ ಬಂತು. ನಾನು ಬೇಡ ಎನ್ನಲಿಲ್ಲ. ಅದನ್ನು ಇಲ್ಲಿ ಬರೆದೇ ಬಿಡಬೇಕು.

ಒಂದೇ ಕೋಣೆಯ ಮನೆ. ಹಗಲಿನಲ್ಲೂ ಬಲ್ಬು ಉರಿಯುತ್ತಿತ್ತು, ಬಾಗಿಲು ಕಿಟಕಿ ಎಲ್ಲ ಹಾರುಹೊಡೆದಿದ್ದವು. ಹಲ್ಲಿಲ್ಲದ ಅತ್ತೆ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅಕ್ಕ ಪತ್ರವನ್ನು ಬಲ್ಬಿನ ಕೆಳಗೆ ಹಿಡಿದು ನಿಧಾನವಾಗಿ ಓದಿದಳು. ಅತ್ತೆಗೂ ಗಟ್ಟಿಯಾಗಿ ಓದಿ ಹೇಳಿದಳು. ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

“ನೋಡು ಮಗಳೇ, ಇವಳು ಬಾಗಿಲು ಮುಚ್ಚಲ್ಲ ಅನ್ನೋದು ನಿಜ,” ಎಂದು ನನ್ನ ಕಡೆ ತಿರುಗಿ ಹೇಳಿದರು. “ಈ ಮನೇದು ಮುಚ್ಚಲ್ಲ. ದಿನಾ ಪಕ್ಕದ ಮನೆ ಬೆಕ್ಕು ಬಂದು ಹಾಲು ಕುಡೀತದೆ. ಆ ವ್ಯಾನಿಂದು ಮಾತ್ರ ತೆಗೆಯೋಳಲ್ಲ. ಬೇಕಿದ್ರೆ ನಾನು ಬಂದು ಹೇಳ್ತೀನಿ. ಬೆಕ್ಕನ್ನೂ ಕರ್ಕೊಂಡು ಬರ್ತೀನಿ.”

ಅಕ್ಕ ನಗಲಿಲ್ಲ. ಆಪಾದನೆಯ ಪತ್ರದ ಒಂದು ಸಾಲಿನ ಮೇಲೆ ಕಂದು ಉಗುರು ಇಟ್ಟಳು.

“ಹನ್ನೆರಡು ವರ್ಷ ಹುದ್ದೆ ಕೇಳಿದಾಗೆಲ್ಲ ನೀನು ಗುಡಿಸೋಳು ಅಂದ್ರು. ಈಗ ಕತ್ತಲೆ ನನ್ನ ವಶದಲ್ಲಿತ್ತು ಅಂತಾರೆ. ಯಾವಾಗ ಕೊಟ್ರು ತಂಗೀ? ಬೈಯ್ಯೋಕೆ ಬೇಕಾದಾಗ ಕೊಟ್ರಾ?”

ನಾನು ತಲೆ ತಗ್ಗಿಸಿದೆ. ಸೈನ್ ಹಾಕಿದರೆ ಕೆಲಸವಾದರೂ ಉಳಿಯುತ್ತದಲ್ಲ ಅಕ್ಕಾ ಎಂದೆ. ಅವಳು ಕ್ಷಮಾಪಣೆ ಪತ್ರವನ್ನು ಮಡಚಿ ನನ್ನ ಕೈಗಿಟ್ಟಳು. ಮಡಿಕೆ ಕೂಡ ನೇರವಾಗಿತ್ತು.

“ನೀನು ಚೆನ್ನಾಗಿ ಟೈಪ್ ಮಾಡಿದೀಯ. ಒಂದು ಅಕ್ಷರ ತಪ್ಪಿಲ್ಲ. ಆದ್ರೆ ನಾನು ತೆಗೀದೇ ಇರೋ ಬಾಗಿಲಿಗೆ ನಾನು ಸೈನ್ ಹಾಕಲ್ಲ.”

ಹೊರಡುವಾಗ ಅತ್ತೆ ಒಂದು ಹಿಡಿ ಅವರೆಕಾಳನ್ನು ನನ್ನ ಚೀಲಕ್ಕೆ ಹಾಕಿದರು. ಸೊಸೆಯ ಅನ್ನ ಕಸಿಯುವ ಕಾಗದ ಹೊತ್ತು ಬಂದವಳಿಗೆ.

ವಿಚಾರಣೆಗೆ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ತೆಳ್ಳಗೆ, ದಪ್ಪ ಗಾಜಿನ ಕನ್ನಡಕ, ಕಡಿಮೆ ಮಾತು. ಮೊದಲು ವ್ಯಾನ್ ನೋಡಬೇಕು ಎಂದರು. ಅಂಗಳದಲ್ಲಿ ನಿಂತಿದ್ದ ಖಾಲಿ ವ್ಯಾನಿನ ಹಿಂದಿನ ಬಾಗಿಲನ್ನು ತೆಗೆಯುವ ಮುನ್ನ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಒಳಗೆ ಯಾರೂ ಇರಲಿಲ್ಲ. ಅವರ ಅಭ್ಯಾಸ ಅದು. ಅಕ್ಕ ಅದನ್ನು ನೋಡಿದಳು. ಅವಳು ಪೊರಕೆಯ ಬುಟ್ಟಿಯತ್ತ ನೋಡಿದ್ದನ್ನು ನಾನು ನೋಡಿದೆ.

ಕತ್ತಲೆ ಕಾಪಾಡಿಲ್ಲ ಎಂದಲ್ಲವೇ ಆಪಾದನೆ, ಹಾಗಾದರೆ ಕತ್ತಲೆಯನ್ನೇ ಪರೀಕ್ಷೆ ಮಾಡಿ ಎಂದಳು ಅಕ್ಕ. ಎಲ್ಲರೂ ಒಳಗೆ ಬರಬೇಕು, ಬಾಗಿಲು ಹಾಕಿ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎಲ್ಲಿ ಬೆಳಕು ಸೋರುತ್ತದೋ ಕಾಣುತ್ತದೆ. ಕನ್ನಡಕದ ಸಾಹೇಬರು ಸರಿ ಎಂದರು. ದೊಡ್ಡ ಸಾಹೇಬರು ತಮಗೆ ಬೇರೆ ಕೆಲಸವಿದೆ ಎಂದರು. ಕನ್ನಡಕದ ಸಾಹೇಬರು ಅವರನ್ನು ನೋಡಿದರು. ಅವರು ಹತ್ತಿದರು.

ಇಬ್ಬರು ನಿಲ್ಲುವ ಜಾಗದಲ್ಲಿ ಐದು ಜನ. ಅಕ್ಕ, ದೊಡ್ಡ ಸಾಹೇಬರು, ಕನ್ನಡಕದ ಸಾಹೇಬರು, ಫೋಟೋ ಸಾಹೇಬರು, ಹೇಳಿಕೆ ಬರೆದುಕೊಳ್ಳಲು ನಾನು. ಒಂದೇ ಒಂದು ಸ್ಟೂಲು ಇತ್ತು. ಅಕ್ಕ ಬಾಗಿಲು ಎಳೆದು ಮುಚ್ಚಿದಳು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಯಾರ ಭುಜದ ಮೇಲೆ ಎಷ್ಟು ನಕ್ಷತ್ರ ಇದೆಯೋ ಯಾರಿಗೂ ಕಾಣಲಿಲ್ಲ. ಕಾಲು, ಕಾಲು ಎಂದು ಯಾರೋ ಹೇಳಿದರು. ಯಾರ ಕಾಲು ಎಂದು ಇನ್ನಾರೋ ಕೇಳಿದರು. ಸ್ಟೂಲು ಕಿರ್ರೆಂದಿತು. ಸಾಹೇಬರುಗಳ ಎದುರು ಅಕ್ಕ ಮೊದಲ ಸಲ ಕೂತಿದ್ದಳು.

ನನ್ನ ಮೊಣಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡರು. ತಣ್ಣನೆಯ ಉಂಗುರವೊಂದು ತಾಗಿತು. ದೊಡ್ಡ ಸಾಹೇಬರಿಗೆ ಕತ್ತಲೆ ಕಂಡರೆ ಭಯ ಎಂದು ನನಗೆ ಆಗ ಗೊತ್ತಾಯಿತು. ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ.

ಐದು ನಿಮಿಷ ನಿಂತೆವು. ಒಂದು ಸೂಜಿಮೊನೆಯಷ್ಟು ಬೆಳಕೂ ಎಲ್ಲೂ ಕಾಣಲಿಲ್ಲ. ಬಾಗಿಲು ಗಟ್ಟಿಯಿದೆ, ಹಾಗಾದರೆ ಯಾರು ತೆರೆದರು ಎಂದು ಕನ್ನಡಕದ ಸಾಹೇಬರ ದನಿ ಕೇಳಿತು. ಮದ್ದಿನ ವಾಸನೆ ದಟ್ಟವಾಗುತ್ತಿತ್ತು. ಆಗ ಒಂದು ಮೂಲೆಯಿಂದ ಯಾರದೆಂದು ತಿಳಿಯದ ಹಾಗೆ ಮಾಡಿಕೊಂಡ ಒಂದು ಸಣ್ಣ ದನಿ ಬಂತು.

“ದೊಡ್ಡ ಸಾಹೇಬ್ರು ತೆಗೆದ್ರು. ನಾನು ನೋಡ್ದೆ.”

ಅದು ಯಾರ ದನಿ ಎಂದು ದೊಡ್ಡ ಸಾಹೇಬರು ಗುಡುಗಿದರು. ಉತ್ತರವಾಗಿ ಒಂದು ಸೀನು ಬಂತು. ಬೆಕ್ಕಿನ ಸೀನಿನಷ್ಟು ಚಿಕ್ಕದು. ಎರಡು. ಮೂರು. ನಾನು ಕತ್ತಲಲ್ಲೇ ಎಣಿಸುತ್ತಿದ್ದೆ. ಏಳನೆಯದಕ್ಕೆ ಹಗ್ಗದ ಮೇಲಿದ್ದ ಕ್ಲಿಪ್ಪುಗಳೆಲ್ಲ ನಮ್ಮ ತಲೆಯ ಮೇಲೆ ಉದುರಿದವು.

ಸುಳ್ಳು ಎಂದರು ದೊಡ್ಡ ಸಾಹೇಬರು. ತಾವು ವ್ಯಾನಿನ ಹತ್ತಿರ ಸುಳಿದೇ ಇಲ್ಲ. ಅಕ್ಕ ಸ್ಟೂಲಿನಿಂದ ಎದ್ದು ಕೆಂಪು ಬಲ್ಬು ಹಾಕಿದಳು. ಬುಟ್ಟಿಯ ಅಡಿಯಿಂದ ಕಪ್ಪು ಲಕೋಟೆ ತೆಗೆದಳು. ಶೂ ಅಂಗಡಿಯ ದಿನ ಬಾಗಿಲ ಪಕ್ಕ ಇಟ್ಟಿದ್ದ ಕಾಗದ ಇದು ಎಂದು ಹೇಳಿ, ಅದನ್ನು ಮದ್ದಿನ ತಟ್ಟೆಗೆ ಜಾರಿಸಿದಳು. ಆಮೇಲೆ ತಟ್ಟೆಯ ಅಂಚನ್ನು ದೊಡ್ಡ ಸಾಹೇಬರ ಕೈಗೆ ಕೊಟ್ಟು, ಅಲುಗಿಸುತ್ತಾ ಇರಿ ಎಂದಳು. ಅವರು ಗಾಬರಿಯಲ್ಲಿ ಅಲುಗಿಸತೊಡಗಿದರು. ಮಗುವಿನ ತೊಟ್ಟಿಲು ತೂಗಿದ ಹಾಗೆ.

ಕಾಗದ ಮೊದಲು ಬೂದು ಬಣ್ಣಕ್ಕೆ ತಿರುಗಿತು. ನೋಡನೋಡುತ್ತಿದ್ದಂತೆ ಕಪ್ಪಾಯಿತು. ಕಪ್ಪಿನ ನಡುವೆ ಪುಟ್ಟದಾಗಿ, ದುಂಡಗೆ, ಬೆಳ್ಳಗೆ ಗುಂಡಿ ಉಳಿಯಿತು. ಅದರ ಪಕ್ಕದಲ್ಲಿ ಒಂದು ಕೈ. ಪೂರ್ತಿ ಕೈ, ಐದೂ ಬೆರಳು. ಕಿರುಬೆರಳು ಮಿಕ್ಕವರ ಜೊತೆ ಜಗಳವಾಡಿ ಬೇರೆ ಕೂತಂತೆ ಹೊರಕ್ಕೆ ಬಾಗಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇನ್ನೊಂದು ದುಂಡನೆಯ ಆಕಾರ, ಅಂಚಿಗೆಲ್ಲ ಹಲ್ಲು ಹಲ್ಲು, ಒಂದು ಕಡೆ ಮಾತ್ರ ಕಚ್ಚಿ ತಿಂದದ್ದು.

ಕನ್ನಡಕದ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಾಗಿ ನೋಡಿದರು. ಇದೇನು ಎಂದು ಕೇಳಿದರು. ಬಿಸ್ಕತ್ತು ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಆ ಪ್ರಕರಣದಲ್ಲಿ ನಾನು ಆಡಿದ ಒಂದೇ ಮಾತು ಅದು. ಇನ್ನೂ ಮೊದಲೇ ಆಡಬೇಕಿತ್ತು.

ಕೈ ಯಾರದ್ದೂ ಇರಬಹುದು ಎಂದರು ದೊಡ್ಡ ಸಾಹೇಬರು. ತಟ್ಟೆ ಅಲುಗಿಸುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ಅವರ ಕಿರುಬೆರಳು ತಟ್ಟೆಯಿಂದ ಆಚೆಗೆ ಬಾಗಿ ನಿಂತಿತ್ತು. ಹಾಗಾದರೆ ಇದರ ಮೇಲೆ ಕೈ ಇಟ್ಟು ತೋರಿಸಿ ಎಂದರು ಕನ್ನಡಕದ ಸಾಹೇಬರು. ತಾವು ಅಧಿಕಾರಿ, ಅಪರಾಧಿಯಲ್ಲ, ಕೈಯ ಗುರುತು ಕೊಡುವುದು ತಮ್ಮ ಮರ್ಯಾದೆಗೆ ಕುಂದು ಎಂದರು ಅವರು. ಅಕ್ಕ ತನ್ನ ಎರಡೂ ಕೈಗಳನ್ನು ಕೆಂಪು ಬೆಳಕಿನಲ್ಲಿ ಮುಂದೆ ಚಾಚಿದಳು.

“ಪೊರಕೆ ಹಿಡಿಯೋಕೆ ಬಂದ ದಿನಾನೇ ನನ್ನ ಹತ್ತು ಬೆರಳಿಗೂ ಮಸಿ ಹಚ್ಚಿ ಗುರುತು ತಗೊಂಡ್ರಿ, ಏನಾದ್ರೂ ಕದ್ರೆ ಇರ್ಲಿ ಅಂತ. ನಾನು ಕೊಟ್ಟೆ. ನೀವು ಒಂದು ಕೈ ಕೊಡಿ ಸಾಹೇಬ್ರೇ. ನಮ್ಮ ಮರ್ಯಾದೆ ಸವೆದಷ್ಟೇನೂ ಸವೆಯಲ್ಲ.”

ಅವರು ಕೊಡಲಿಲ್ಲ. ಕೊಡುವ ಅಗತ್ಯವೂ ಉಳಿದಿರಲಿಲ್ಲ. ಚಿತ್ರವನ್ನು ಇನ್ನೊಂದು ತಟ್ಟೆಗೆ ಹಾಕಿ ಗಟ್ಟಿ ಮಾಡಿ ಮುಗಿಸುವವರೆಗೆ ಅಕ್ಕ ಬಾಗಿಲು ತೆಗೆಯಲಿಲ್ಲ. ಚಿತ್ರ ಹಾಳಾದರೆ ಯಾರ ತಲೆಗೆ ಎಂದು ಕೇಳಿದಳು. ಸಾಹೇಬರುಗಳು ತೆಪ್ಪಗೆ ನಿಂತರು.

ನ್ಯಾಯ ಸಿಕ್ಕಿತು ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಕಚೇರಿಗಳ ಪರಿಚಯವಿಲ್ಲ. ವರದಿಯನ್ನು ನಾನೇ ಟೈಪ್ ಮಾಡಿದೆ. ಗುಡಿಸುವವಳ ಮೇಲಿನ ಆಪಾದನೆ ಸಾಬೀತಾಗಿಲ್ಲ. ಅಷ್ಟರ ಮಟ್ಟಿಗೆ ಸರಿ. ಮುಂದಿನ ಸಾಲನ್ನು ಮೇಲಿನವರು ಫೋನಿನಲ್ಲಿ ಹೇಳಿ ಸೇರಿಸಿದ್ದರು: ಸದರಿ ಬಾಗಿಲು ಗಾಳಿಯಿಂದ ತೆರೆದುಕೊಂಡಿರುವುದಾಗಿ ಕಂಡುಬರುತ್ತದೆ.

ಅಕ್ಕನಿಗೆ ತೋರಿಸಿದೆ. ಅವಳು ಓದಿ ಕಾಗದವನ್ನು ವಾಪಸು ಕೊಟ್ಟಳು.

“ಆ ದಿನ ಅಂಗಡಿಯವ್ರು ಗಾಳಿಗೂ ಟೀ ಬಿಸ್ಕತ್ತು ಕೊಟ್ಟಿದ್ರಾ ತಂಗೀ?”

ಕನ್ನಡಕದ ಸಾಹೇಬರು ಮಾತ್ರ ಹೊರಡುವ ಮುನ್ನ ಎರಡು ಕೆಲಸ ಮಾಡಿದರು. ಕೈಯ ಚಿತ್ರವನ್ನು ಫೈಲಿಗೆ ನಾಲ್ಕು ಕಡೆ ಪಿನ್ನು ಹೊಡೆದರು, ಯಾರೂ ಸುಲಭವಾಗಿ ಕೀಳದಂತೆ. ಆಮೇಲೆ ನನ್ನ ಟೈಪ್‌ರೈಟರಿನ ಪಕ್ಕ ನಿಂತು ಇನ್ನೊಂದು ಸಾಲು ಹೇಳಿದರು: ಇನ್ನು ಮುಂದೆ ಗುಡಿಸುವವಳಿಂದ ಗುಡಿಸುವ ಕೆಲಸವನ್ನು ಮಾತ್ರ ಮಾಡಿಸತಕ್ಕದ್ದು. ಹೇಳುವಾಗ ಕನ್ನಡಕ ಒರೆಸುತ್ತಿದ್ದರು. ಬೇಕೆಂದೇ ಹೇಳಿದರೋ, ಸುಮ್ಮನೆ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅಕ್ಕ ಆ ಸಾಲನ್ನು ಎರಡು ಸಲ ಓದಿದಳು. ಮರುದಿನದಿಂದ ಗುಡಿಸಿದಳು.

ಬರೀ ಗುಡಿಸಿದಳು. ಅಂಗಳ ಗುಡಿಸಿದಳು, ಮೆಟ್ಟಿಲು ಗುಡಿಸಿದಳು, ದೊಡ್ಡ ಸಾಹೇಬರ ಕುರ್ಚಿಯ ಕೆಳಗೆ ಅವರು ಕಾಲೆತ್ತುವವರೆಗೆ ಕಾದು ಗುಡಿಸಿದಳು. ವ್ಯಾನಿನ ನೆಲವನ್ನೂ ಗುಡಿಸಿ ಇಳಿದಳು. ಒಳಗೆ ಫಿಲ್ಮ್ ಇದೆಯಕ್ಕಾ ಎಂದು ಫೋಟೋ ಸಾಹೇಬರು ಬಾಗಿಲಲ್ಲಿ ನಿಂತು ಬೇಡಿಕೊಂಡರು. ಅಂಗಳದಲ್ಲಿ, ಎಲ್ಲರ ಎದುರು, ಅಕ್ಕಾ ಎಂದರು. ಅವಳು ಅದನ್ನು ಗಮನಿಸಿದಳು, ಅವರ ಬೂಟಿನ ಧೂಳನ್ನು ನಯವಾಗಿ ಗುಡಿಸಿದಳು. ಫಿಲ್ಮಿಗೆ ಮಾತ್ರ ಕೈ ಹಾಕಲಿಲ್ಲ. ಆದೇಶ ಇದೆಯಲ್ಲ ಎಂದಳು.

ಹದಿನೆಂಟು ದಿನ ಹೀಗೇ ನಡೆಯಿತು. ಫೋಟೋ ಸಾಹೇಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು ತಾವೇ ಒಳಗೆ ಹೋಗುತ್ತಿದ್ದರು. ಹಿಡಿದು ತಂದ ಜೇಬುಗಳ್ಳರ ಫೋಟೋಗಳಲ್ಲಿ ಮುಖವೇ ಇರುತ್ತಿರಲಿಲ್ಲ, ಬಿಳಿ ಮೊಟ್ಟೆ ಇರುತ್ತಿತ್ತು. ಕಳ್ಳರೇ ನೋಡಿ ಬೇಸರ ಮಾಡಿಕೊಂಡರು. ಎಲ್ಲ ಸಿಬ್ಬಂದಿಗೂ ಹೊಸ ಗುರುತಿನ ಚೀಟಿ ಮಾಡಬೇಕಿತ್ತು, ದೊಡ್ಡ ಸಾಹೇಬರದ್ದೇ ಮೊದಲು. ಏಳನೆಯ ಸೀನಿನ ಹೊತ್ತಿಗೆ ಕಾಗದಕ್ಕೆ ಚಿತ್ರ ಬಿಡುವ ಯಂತ್ರ ಅಲುಗಿ ಅವರ ಚಿತ್ರದಲ್ಲಿ ಎರಡು ತಲೆ ಬಂದವು. ಎರಡೂ ಸಿಟ್ಟಿನಲ್ಲಿದ್ದವು. ಅದನ್ನೇ ಮುಖ್ಯ ಕಚೇರಿಗೆ ಕಳಿಸಿದ್ದಕ್ಕೆ, ಅಲ್ಲಿಂದ ಯಾವ ತಲೆಯನ್ನು ಉಳಿಸಿಕೊಳ್ಳಬೇಕು ಎಂದು ಪತ್ರ ಬಂತು. ಜೊತೆಗೆ ಕನ್ನಡಕದ ಸಾಹೇಬರ ಕೈಬರಹದ ಒಂದು ಚೀಟಿ: ನಿಮ್ಮಲ್ಲಿ ಕತ್ತಲೆ ಕೋಣೆಯ ಹುದ್ದೆಯೊಂದು ಖಾಲಿ ಇದೆಯಲ್ಲವೇ?

ಈ ನಡುವೆ ಶೂ ಕಳ್ಳ ಸಿಕ್ಕಿಬಿದ್ದ. ಯಾವ ಫೋಟೋದಿಂದಲೂ ಅಲ್ಲ. ಚೀಲ ಹೊತ್ತು ಅದೇ ಅಂಗಡಿಗೆ ಬಂದು ಬಲಗಾಲಿನವು ಇದ್ದರೆ ತೋರಿಸಿ ಎಂದು ಕೇಳಿದನಂತೆ. ಡ್ರೈವರ್ ಇದನ್ನು ಹೇಳುವಾಗ ನಗು ತಡೆಯಲಾಗದೆ ಸ್ಟೇರಿಂಗಿನ ಮೇಲೆ ಬಿದ್ದು ಹಾರನ್ ಹೊಡೆದ.

ಹನ್ನೆರಡು ವರ್ಷ ಅಲುಗದ ಫೈಲು ಒಂದೇ ದಿನದಲ್ಲಿ ನಾಲ್ಕು ಮೇಜು ದಾಟಿತು. ಹುದ್ದೆ ಕೊಡಲಾಗಿದೆ. ಹಿಂದಿನ ಹನ್ನೆರಡು ವರ್ಷಗಳನ್ನು ಸೇವೆಯೆಂದು ಪರಿಗಣಿಸಲಾಗುವುದಿಲ್ಲ. ಅಭ್ಯರ್ಥಿಯು ತನ್ನ ಭಾವಚಿತ್ರ ಲಗತ್ತಿಸತಕ್ಕದ್ದು. ಎರಡನೆಯ ಸಾಲನ್ನು ಟೈಪ್ ಮಾಡುವಾಗ ನಾನು ಕೀಲಿಗಳನ್ನು ಎಷ್ಟು ಜೋರಾಗಿ ಹೊಡೆದೆನೆಂದರೆ ಕಾಗದ ತೂತಾಯಿತು. ಹೊಸ ಕಾಗದ ಹಾಕಿ ಮತ್ತೆ ಅದನ್ನೇ ಟೈಪ್ ಮಾಡಬೇಕಾಯಿತು.

ಫೋಟೋ ಸಾಹೇಬರು ಅಂಗಳದಲ್ಲಿ ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿದರು. ಡ್ರೈವರ್ ಹಿಂದೆ ಬಿಳಿ ಹಾಸು ಹಿಡಿದು ನಿಂತ. ನಗು ಅಕ್ಕಾ ಎಂದರು. ಕಳ್ಳರಿಗೆ ಹಾಗೆ ಹೇಳ್ತೀರಾ ಎಂದು ಅವಳು ಕೇಳಿದಳು. ಅಷ್ಟು ಹೊತ್ತಿಗೆ ಫೋಟೋ ತೆಗೆದಾಗಿತ್ತು. ಕ್ಯಾಮೆರಾದಿಂದ ಫಿಲ್ಮ್ ತೆಗೆದುಕೊಂಡು ಅವಳು ನೇರ ವ್ಯಾನಿಗೆ ನಡೆದಳು. ನನ್ನನ್ನೂ ಕರೆದಳು.

ಎಲ್ಲ ಮುಗಿದು ಕೆಂಪು ಬಲ್ಬಿನ ಕೆಳಗೆ ಕಾಗದವನ್ನು ಮದ್ದಿಗೆ ಬಿಟ್ಟಾಗ ಮೊದಲು ಹುಬ್ಬು ಬಂತು. ಆಮೇಲೆ ಕಣ್ಣು. ಆಮೇಲೆ ಏನೋ ಕೇಳಲು ಅರ್ಧ ತೆರೆದ ಬಾಯಿ. ಅಕ್ಕ ತಟ್ಟೆ ಅಲುಗಿಸುತ್ತ, ಯಾರೋ ಹೊಸಬರನ್ನು ನೋಡುವಂತೆ ನೋಡಿದಳು. ಹಲ್ಲು ಸ್ವಲ್ಪ ಕಾಣುತ್ತೆ, ಪರವಾಗಿಲ್ಲ ಎಂದಳು. ಚಿತ್ರವನ್ನು ಎತ್ತಿ ಕೊನೆಯ ತಟ್ಟೆಗೆ ಇಳಿಸಿದಳು.

ಆಗ ಬಾಗಿಲ ಮೇಲೆ ಸದ್ದಾಯಿತು. ಟಕ್, ಟಕ್, ಟಕ್. ಸರಿಯಾಗಿ ಮೂರು. ತಗಡಿಗೆ ಉಂಗುರ ಬಡಿದ ಸದ್ದು. ದೊಡ್ಡ ಸಾಹೇಬರು ಒಂದೇ ತಲೆಯ ಫೋಟೋ ಮಾಡಿಸಿಕೊಳ್ಳಲು ಬಂದಿದ್ದರು.

ನಾನು ಗಡಬಡಿಸಿ ಬಾಗಿಲ ಹಿಡಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದು ಕೆಳಗಿಳಿಸಿದಳು.

“ಒಳಗೆ ಕೆಲಸ ನಡೀತಿದೆ,” ಎಂದು ಬಾಗಿಲಿಗೆ ಹೇಳಿದಳು. “ಹತ್ತು ನಿಮಿಷ ಆಗ್ತದೆ.”

ಹೊರಗೆ ನಡು ಮಧ್ಯಾಹ್ನದ ಬಿಸಿಲು. ಬೂಟುಗಳು ಒಮ್ಮೆ ಅತ್ತ, ಒಮ್ಮೆ ಇತ್ತ ಸರಿದವು. ದೂರ ಹೋಗಲಿಲ್ಲ. ಅಕ್ಕ ಸ್ಟೂಲಿನ ಅರ್ಧಕ್ಕೆ ಸರಿದು ಕೂತು, ಇನ್ನರ್ಧವನ್ನು ನನಗೆ ಬಿಟ್ಟಳು. ಡ್ರೈವರ್ ಕೊಟ್ಟ ಐಸನ್ನು ಇಬ್ಬರೂ ಕತ್ತಿಗೆ ಒತ್ತಿಕೊಂಡೆವು. ಗೋಡೆಯ ಗಡಿಯಾರ ನೋಡುತ್ತ ಕೂತೆ. ಚಿತ್ರ ಗಟ್ಟಿಯಾಗಲು ಐದೇ ನಿಮಿಷ ಸಾಕು ಎಂದು ನನಗೂ ಗೊತ್ತಿತ್ತು. ಐದು ಕಳೆಯಿತು. ಇನ್ನೈದು ಯಾಕಕ್ಕಾ ಎಂದು ಪಿಸುಗುಟ್ಟಿದೆ.

“ಹನ್ನೆರಡು ವರ್ಷ ಹೋಯ್ತಲ್ಲ ತಂಗೀ,” ಎಂದಳು. “ಅದರಲ್ಲಿ ಐದು ನಿಮಿಷ ವಾಪಸ್ ತಗೊಳ್ತಿದೀನಿ.”